ಕೊನೆಯ ಮೇಜಿಗೆ ಕೇಳಿಸುವಷ್ಟು

ಮಾರ್ಚ್ ೩, ಸೋಮವಾರ

ಈ ಪುಸ್ತಕ ತಂದದ್ದು ಹೆಂಡತಿಗೆ. ಕಳೆದ ಗುರುವಾರ ಅವಳ ಗಂಟಲಿನ ಆಪರೇಷನ್ ಆಯಿತು. ಸ್ವರ ಹೊರಡುವ ಜಾಗದಲ್ಲಿ ಎಳ್ಳಿನಷ್ಟು ದೊಡ್ಡ ಎರಡು ಗಂಟುಗಳಿದ್ದವು, ತೆಗೆದಿದ್ದಾರೆ. ಹದಿನೈದು ದಿನ ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು ಎಂದು ಕಟ್ಟಪ್ಪಣೆ. ಹೇಳಬೇಕಾದ್ದನ್ನು ಬರೆದು ತೋರಿಸಲಿ ಎಂದು ಇನ್ನೂರು ಹಾಳೆಯ ನೋಟ್‌ಬುಕ್ ತಂದುಕೊಟ್ಟೆ. ಅವಳು ಅದನ್ನು ಪಕ್ಕಕ್ಕಿಟ್ಟು, ಅಟ್ಟ ಹತ್ತಿ ಹಳೆಯ ಸ್ಲೇಟೊಂದನ್ನು ಹುಡುಕಿ ತೆಗೆದಳು. ಆಡಿದ ಮಾತು ಅಳಿಸಿಹೋಗಬೇಕಂತೆ, ಕೂತುಕೊಳ್ಳಬಾರದಂತೆ. ಹಾಗೆಂದು ಸ್ಲೇಟಿನ ಮೇಲೆ ಬರೆದು ಅಳಿಸಿದಳು. ಪುಸ್ತಕ ದಂಡವಾಗಬಾರದೆಂದು ನಾನು ಬರೆಯುತ್ತಿದ್ದೇನೆ.

ದಿನಚರಿ ಬರೆದು ಅಭ್ಯಾಸವಿಲ್ಲ. ಅಂಗಡಿಯಲ್ಲಿ ರಿಪೇರಿಗೆ ಬಂದ ಗಿಟಾರಿಗೆ ಚೀಟಿ ಕಟ್ಟುವ ಹಾಗೆ ಶುರು ಮಾಡುತ್ತೇನೆ. ಮಾಲು: ಗಂಡ ಹೆಂಡತಿ, ಒಂದು ಜೊತೆ. ಗಂಡ ಗಿಟಾರ್ ರಿಪೇರಿಯವನು, ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೋಟೆಲಿನಲ್ಲಿ ನುಡಿಸುತ್ತಾನೆ. ಹೆಂಡತಿ ಜೊತೆಗೆ ಕೂತು ಹಾಡುತ್ತಾಳೆ. ಹತ್ತೊಂಬತ್ತು ವರ್ಷದ ಬಳಕೆ. ದೂರು: ಹೆಂಡತಿಗೆ ಸ್ವರ ಇಲ್ಲ. ವಾಪಸು ಕೊಡುವ ದಿನ: ಗೊತ್ತಿಲ್ಲ.

ಮಾರ್ಚ್ ೭, ಶುಕ್ರವಾರ

ಮನೆ ಶಾಂತವಾಗಿದೆ. ಮದುವೆಯಾದ ಮೇಲೆ ಮೊದಲ ಸಲ ಕೊನೆಯ ಮಾತು ನನ್ನದೇ ಆಗುತ್ತಿದೆ. ಆದರೆ ಸ್ಲೇಟಿಗೆ ಎದುರುತ್ತರ ಕೊಡುವುದು ಕಷ್ಟ. ಇವತ್ತು ಬೆಳಿಗ್ಗೆ ಬರೆದು ಮುಖದ ಮುಂದೆ ಹಿಡಿದಳು: "ನಾನು ಮೂಕಿ. ಕಿವುಡಿ ಅಲ್ಲ. ಕೂಗಬೇಡಿ."

ನಾನು ಕೂಗುತ್ತಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ ೯, ಭಾನುವಾರ

ಹೋಟೆಲಿನಲ್ಲಿ ಒಬ್ಬನೇ ನುಡಿಸಿದೆ. ಇಪ್ಪತ್ತೆರಡು ಮೇಜು, ಎತ್ತರದ ಚಾವಣಿ. ಕೊನೆಯ ಮೇಜು ಅಡುಗೆಮನೆಯ ಬಾಗಿಲ ಪಕ್ಕಕ್ಕಿದೆ. ತಟ್ಟೆ ಚಮಚಗಳ ಗಲಾಟೆಯಲ್ಲೂ ಆ ಮೇಜಿಗೆ ನನ್ನ ಗಿಟಾರ್ ಕೇಳಿಸುತ್ತದೆ. ಮೈಕಿಲ್ಲ, ವೈರಿಲ್ಲ. ಮರದ ದೊಡ್ಡ ಪೆಟ್ಟಿಗೆ, ಆರು ದಪ್ಪ ತಂತಿ, ಒಂದು ಕೈ. ಪೆಟ್ಟಿಗೆಯ ಮುಖವನ್ನು ನಾನೇ ತೆಳ್ಳಗೆ ಹೆರೆದು ಕೂರಿಸಿದ್ದು. ಕರೆಂಟಿನ ಹಂಗಿಲ್ಲದೆ ಅಷ್ಟು ದೊಡ್ಡ ಕೋಣೆಯನ್ನು ತುಂಬಿಸುವ ಗಿಟಾರ್ ಈ ಊರಿನಲ್ಲಿ ಇನ್ನೊಂದಿಲ್ಲ. ಜಂಬವಲ್ಲ, ಇದ್ದದ್ದು ಇದ್ದ ಹಾಗೆ.

ಊಟಕ್ಕೆ ಬಂದವರು ಅಮ್ಮ ಎಲ್ಲಿ, ಅಮ್ಮ ಎಲ್ಲಿ ಎಂದು ಕೇಳಿದರಂತೆ. ಗಿಟಾರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲವಂತೆ. ಮ್ಯಾನೇಜರು ಕಾಫಿ ತರಿಸಿ, ಕೂರಿಸಿ, ಮೆತ್ತಗೆ ವಿಷಯ ತೆಗೆದರು. ಬರೀ ಗಿಟಾರ್ ಸಾಲದು. ಮಾಲೀಕರು ರೆಕಾರ್ಡು ಹಾಕಿಬಿಡೋಣ ಎನ್ನುತ್ತಿದ್ದಾರೆ. ಜೂನ್ ಒಂದನೇ ತಾರೀಕು ಭಾನುವಾರ, ಅವತ್ತಿನವರೆಗೆ ನಮ್ಮ ಜಾಗ ಹಿಡಿದಿಡುತ್ತಾರೆ. ಅಂದು ಇಬ್ಬರೂ ಬಂದರೆ ಬಂದ ಹಾಗೆ, ಇಲ್ಲದಿದ್ದರೆ ಇಲ್ಲ. ಅಲ್ಲಿಯವರೆಗೆ ಒಬ್ಬನೇ ಬರುವ ತೊಂದರೆ ತಗೋಬೇಡಿ ಎಂದರು.

ಮನೆಗೆ ಬಂದು ಅವಳಿಗೆ ಹೇಳಿದೆ. ಸ್ಲೇಟಿನ ಮೂಲೆಯಲ್ಲಿ "ಜೂನ್ ೧" ಎಂದು ಬರೆದು ಸುತ್ತ ಗೆರೆ ಎಳೆದಳು. ಉಳಿದದ್ದೆಲ್ಲ ಅಳಿಸಿದರೂ ಅದೊಂದನ್ನು ಅಳಿಸಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಹದಿನೈದು ದಿನ ಮುಗಿಯಿತು. ಮೊದಲ ಮಾತು ನನ್ನನ್ನು ಕುರಿತೇ ಇರುತ್ತದೆ ಎಂದು ಎದುರಿಗೇ ಕೂತಿದ್ದೆ. "ಹಾಲು ಉಕ್ತಿದೆ," ಎಂದಳು. ಅಷ್ಟೇ. ಹೊಸ ತಂತಿ ಹಾಕಿದ ಮೊದಲ ದಿನ ಶ್ರುತಿ ನಿಲ್ಲದೆ ಜಾರುತ್ತದಲ್ಲ, ಸ್ವರ ಹಾಗಿತ್ತು. ಇನ್ನು ಗಂಟೆಗೆ ಐದು ನಿಮಿಷ ಮಾತಾಡಬಹುದು.

ಅಷ್ಟರಲ್ಲಿ ಹಾಲು ಉಕ್ಕಿಹೋಗಿತ್ತು. ಒಲೆ ಒರೆಸಿದೆ. ಇಷ್ಟು ದಿನ ನನಗೆ ಭಯವಾಗಿತ್ತು ಎಂಬುದು ಒಲೆ ಒರೆಸುವಾಗ ತಿಳಿಯಿತು.

ಮಾರ್ಚ್ ೨೬, ಬುಧವಾರ

ಭಾಮೈದ ಬಂದಿದ್ದ. ಹೆಂಡತಿಯ ತಮ್ಮ, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಅದನ್ನು ನಾನು ಹಲಗೆ ಎನ್ನುತ್ತೇನೆ, ಏಕೆಂದರೆ ಅದು ಹಲಗೆಯೇ. ಒಳಗೆ ಟೊಳ್ಳಿಲ್ಲ, ಗಾಳಿಯಿಲ್ಲ. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅಲ್ಲಿಂದ ಒಂದು ವೈರು, ವೈರಿನ ತುದಿಗೆ ಸದ್ದು ಮಾಡುವ ಡಬ್ಬ. ಕರೆಂಟು ಹೋದರೆ ಸೊಳ್ಳೆಯ ಗುಂಯ್. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ, ನಿನ್ನದರಲ್ಲಿ ಕೊಡವೇ ಇಲ್ಲವಲ್ಲೋ ಎಂದೆ. ಈ ಮಾತು ಅವನಿಗೆ ಹೇಳಿದ್ದು ಬಹುಶಃ ನೂರನೇ ಸಲ. ಅವನೂ ನೂರನೇ ಸಲ ನಕ್ಕ.

ಅವನ ವಾದ ಬೇರೆ. ಮರದ ಗಿಟಾರ್ ಎಷ್ಟು ಸದ್ದು ಮಾಡಬೇಕು ಎಂಬುದು ಅದನ್ನು ಕಟ್ಟಿದ ದಿನವೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದಂತೆ. ಎಲೆಕ್ಟ್ರಿಕ್‌ನಲ್ಲಿ ಅದು ಗುಂಡಿ ತಿರುಗಿಸುವವನ ಕೈಯಲ್ಲಿರುತ್ತದಂತೆ. ಗುಂಡಿ ತಿರುಗಿಸುವುದೇ ವಿದ್ಯೆಯಾದರೆ ಫ್ಯಾನು ಹಾಕುವವರೆಲ್ಲ ವಿದ್ವಾಂಸರು ಎಂದೆ. "ಅದಲ್ಲ ಭಾವ, ಅಕ್ಕನ ಗಂಟಲು..." ಎಂದು ಏನೋ ಶುರು ಮಾಡಿದ. ಅವಳು ಚಮಚದಿಂದ ಮೇಜು ತಟ್ಟಿದಳು. ಆಮೇಲೆ ಅವನ ಗಿಟಾರಿನ ತಂತಿ ಬಿಗಿಯುವ ಒಂದು ಸಡಿಲ ಬಿರಡೆಯನ್ನು ಬಿಗಿಮಾಡಿ ಕೊಟ್ಟೆ.

ಏಪ್ರಿಲ್ ೮, ಮಂಗಳವಾರ

ಸ್ವರದ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಈ ಸಲ ನನ್ನನ್ನೂ ಗಿಟಾರನ್ನೂ ಕರೆತರಲು ಹೇಳಿದ್ದರು. ಕೇಳುವ ಆಸೆ ಇರಬಹುದು ಎಂದುಕೊಂಡು ಹೊಸ ತಂತಿ ಹಾಕಿಕೊಂಡೇ ಹೋದೆ. ಹೋಟೆಲಿನಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೂರಿ ಎಂದರು. ಅವಳ ಸ್ಟೂಲು ನನ್ನ ಸ್ಟೂಲಿಗಿಂತ ಒಂದಡಿ ಮುಂದೆ, ಓರೆಯಾಗಿ. ಡಾಕ್ಟರಮ್ಮ ಸದ್ದು ಅಳೆಯುವ ಮೀಟರೊಂದನ್ನು ಅವಳ ಕಿವಿಯ ಪಕ್ಕ ಹಿಡಿದರು. ನಾನು ಎಂದಿನ ಹಾಗೆ ನುಡಿಸಿದೆ. ಎಂಬತ್ತೆಂಟು ಡೆಸಿಬಲ್. ನನ್ನನ್ನು ನಿಲ್ಲಿಸಿ, ಗಂಟಲಿಗೆ ಭಾರವಾಗದ ಹಾಗೆ ಒಂದು ಸಾಲು ಹೇಳಿ ಎಂದು ಅವಳಿಗೆ ಹೇಳಿದರು. ಹೇಳಿದಳು. ಅರವತ್ನಾಲ್ಕು.

"ಎಷ್ಟು ವರ್ಷದಿಂದ ಹೀಗೆ ಕೂತು ಹಾಡ್ತಿದೀರಿ?"

ಹೆಂಡತಿ ನನ್ನ ಕಡೆ ನೋಡದೆ, ಹತ್ತೊಂಬತ್ತು ಎಂದಳು.

"ಈ ಗಂಟು ಸುಮ್ಮಸುಮ್ಮನೆ ಬರಲ್ಲ. ನಮ್ಮ ದನಿ ನಮಗೆ ಕೇಳಿಸದೇ ಇದ್ದರೆ ಏರಿಸ್ತಾ ಹೋಗ್ತೀವಿ, ಗೊತ್ತೇ ಆಗಲ್ಲ. ಮತ್ತೆ ಹೀಗೇ ಕೂತು ಹೀಗೇ ಹಾಡಿದರೆ ಮತ್ತೆ ಬರುತ್ತೆ. ಎರಡನೇ ಸಲ ಇಷ್ಟು ಸಲೀಸಾಗಿ ಹೋಗಲ್ಲ," ಎಂದು ಡಾಕ್ಟರಮ್ಮ ಫೈಲಿನಲ್ಲಿ ಬರೆದುಕೊಂಡರು. ಅವರಿಗೆ ನನ್ನ ಮೇಲೆ ಕೋಪವೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ಗಿಟಾರ್ ನಮ್ಮಿಬ್ಬರ ನಡುವೆ ಇತ್ತು.

ಏಪ್ರಿಲ್ ೯, ಬುಧವಾರ

ಆ ಮೀಟರು ಕೆಟ್ಟಿರಬೇಕು.

ಏಪ್ರಿಲ್ ೧೩, ಭಾನುವಾರ

ಭಾಮೈದನ ಹತ್ತಿರ ಒಂದು ಮೀಟರಿದೆ. ಅಂಗಡಿಗೆ ತರಿಸಿದೆ. ಎಂಬತ್ತೇಳು ತೋರಿಸಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೀಟರು ಡೊಂಕು ಎಂದಿದ್ದೆ.

ಹೋಟೆಲಿನಲ್ಲಿರುವ ಹಾಗೇ ಎರಡು ಸ್ಟೂಲು ಹಾಕಿ ನನ್ನ ಗಿಟಾರನ್ನು ಅವನ ಕೈಗೆ ಕೊಟ್ಟೆ. ನಾನು ಅವಳ ಜಾಗದಲ್ಲಿ ಕೂತೆ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಕೂತದ್ದು ಇದೇ ಮೊದಲು. ನಾನು ಹೊಡೆಯುವ ಹಾಗೇ ಹೊಡಿ, ಮುಲಾಜು ಬೇಡ ಎಂದೆ. ಹೊಡೆದ. ಒಂದರಿಂದ ಹತ್ತರವರೆಗೆ ಎಣಿಸಿದೆ. ನನ್ನ ಎಣಿಕೆ ನನಗೇ ಕೇಳಿಸಲಿಲ್ಲ. ಮತ್ತೆ ಎಣಿಸಿದೆ. ಆರು ಬರುವ ಹೊತ್ತಿಗೆ ಕಿರುಚುತ್ತಿದ್ದೆ. ಪಕ್ಕದಂಗಡಿಯ ಟೈಲರು ಜಗಳವೆಂದುಕೊಂಡು ಕತ್ತರಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

ಅವರು ಹೋದ ಮೇಲೆ ಭಾಮೈದನಿಗೆ, ನೀನಾದರೂ ಮೊದಲೇ ಹೇಳಬಾರದಿತ್ತೇ ಎಂದೆ.

"ಹೇಳಿದ್ದೆ ಭಾವ. ಹೋಟೆಲಲ್ಲಿ ಶುರು ಮಾಡಿದ ವರ್ಷಾನೇ ಹೇಳಿದ್ದೆ. ಅಕ್ಕ ಹಾಡ್ತಿಲ್ಲ, ಕೂಗ್ತಿದಾಳೆ ಅಂದೆ. ಗಂಟಲು ಪಳಗಲಿ ಬಿಡೋ ಅಂದ್ರಿ."

ಅಂದಿದ್ದೆ. ಅಂದು ನಕ್ಕದ್ದೂ ನೆನಪಿದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಕೊನೆಯ ಮೇಜಿಗೆ ಕೇಳಿಸುತ್ತದೆ ಎಂದು ಬೀಗುತ್ತಿದ್ದವನು, ಒಂದಡಿ ದೂರದಲ್ಲಿ ಕೂತವಳಿಗೆ ಏನು ಕೇಳಿಸುತ್ತದೆ ಎಂದು ಯಾವತ್ತೂ ವಿಚಾರಿಸಲಿಲ್ಲ. ನನಗೆ ನಾಚಿಕೆಯಾಯಿತು. ಬರೆಯುವಾಗಲೂ ಆಗುತ್ತಿದೆ.

ಮೊದಲ ದಿನದ ಚೀಟಿ ತಿದ್ದಬೇಕು. ದೂರು: ಗಂಡನಿಗೆ ಕಿವಿ ಇಲ್ಲ.

ಏಪ್ರಿಲ್ ೧೪, ಸೋಮವಾರ

ನಿನಗೆ ಹೀಗಾದದ್ದು ನನ್ನಿಂದ ಎಂದು ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

"ಗೊತ್ತು," ಎಂದಳು.

ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಇನ್ನೆರಡು ಅಂಗಿ ಮಡಚಿಟ್ಟಳು.

"ನೀವು ಅಷ್ಟು ಖುಷಿಯಾಗಿ ನುಡಿಸ್ತಿದ್ರಿ."

ಆ ಗಂಟೆಯ ಮಾತಿನಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಅವಳು ಬಳಸಲಿಲ್ಲ.

ಏಪ್ರಿಲ್ ೨೯, ಮಂಗಳವಾರ

ಗಿಟಾರನ್ನು ಬಿಡುವ ಮಾತಿಲ್ಲ, ಅದನ್ನೇ ಪಳಗಿಸುತ್ತೇನೆ ಎಂದು ಹೊರಟಿದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತೆಳು ತಂತಿ ಹಾಕಿದೆ. ಬರೀ ಬೆರಳ ತುದಿಯಲ್ಲಿ ನುಡಿಸಿದೆ. ಪೆಟ್ಟಿಗೆಯ ತೂತಿಗೆ ರಬ್ಬರಿನ ಮುಚ್ಚಳ ಕತ್ತರಿಸಿ ಒತ್ತಿದೆ. ಸ್ಟೂಲನ್ನು ಹಿಂದಕ್ಕೆ ಸರಿಸಿದೆ. ಎಪ್ಪತ್ತೆರಡಕ್ಕಿಂತ ಕೆಳಗೆ ಇಳಿಯಲಿಲ್ಲ, ಇಳಿಸಿದರೆ ಗಿಟಾರ್ ಸತ್ತ ಹಾಗೆ ಕೇಳುತ್ತದೆ. ಹಾಗಾದರೆ ಅಕ್ಕನಿಗೆ ಮೈಕು ಕೊಡೋಣ ಎಂದು ಭಾಮೈದ ಹೇಳಿದ. ಹದಿನೈದು ನಿಮಿಷ ಹಾಡಲು ಡಾಕ್ಟರಮ್ಮನ ಅಪ್ಪಣೆಯೂ ಸಿಕ್ಕಿತ್ತು. ಇಂದು ಊಟದ ಹೊತ್ತು ಮುಗಿದು ಮೇಜುಗಳೆಲ್ಲ ಖಾಲಿಯಾದ ಮೇಲೆ ಹೋಟೆಲಿನಲ್ಲಿ ಮೈಕು, ಸ್ಪೀಕರು ಹೂಡಿದೆವು.

ಅವಳ ಸ್ವರ ಈಗ ಸಣ್ಣದು, ಮೈಕನ್ನು ಬಹಳ ಏರಿಸಬೇಕಾಯಿತು. ಮೈಕಿಗೆ ಹಾಡುವವಳು, ನುಡಿಸುವವನು ಎಂಬ ಭೇದವಿಲ್ಲ. ಅವಳ ಜೊತೆಗೆ ನನ್ನ ಗಿಟಾರನ್ನೂ ಎಳೆದುಕೊಂಡಿತು. ಸ್ಪೀಕರಿನಿಂದ ಹೊರಟ ಸದ್ದು ನನ್ನ ಪೆಟ್ಟಿಗೆಗೆ ಬಡಿದು, ಪೆಟ್ಟಿಗೆ ತಾನಾಗಿಯೇ ನಡುಗತೊಡಗಿತು. ಆ ನಡುಕ ಮತ್ತೆ ಮೈಕಿಗೆ, ಮೈಕಿನಿಂದ ಮತ್ತೆ ಸ್ಪೀಕರಿಗೆ. ಎರಡನೇ ಸಾಲಿನಲ್ಲಿ ಕೂಯ್ ಎಂದು ಕೂಗು ಎದ್ದಿತು. ಮರದ ಗಿಟಾರಿನ ಮುಂದೆ ಮೈಕು ಏರಿಸಿದರೆ ಆಗುವುದೇ ಅದು. ಅಂಗಡಿಯಲ್ಲಿ ಎಷ್ಟೋ ಗಿರಾಕಿಗಳಿಗೆ ನಾನೇ ಹೇಳಿದ್ದೇನೆ. ಅವಳಿಗೆ ಹೇಳಲು ಮರೆತಿದ್ದೆ.

ಅವಳು ಜನ್ಮದಲ್ಲಿ ಮೈಕು ಹಿಡಿದವಳಲ್ಲ. ಆ ಕೂಗು ತನ್ನ ಗಂಟಲಿನಿಂದಲೇ ಬಂತು ಎಂದುಕೊಂಡಳು. ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ಆ ಮುಖವನ್ನು ನಾನು ಮರೆಯಲಾರೆ. ಗಿಟಾರನ್ನು ಕೈಬಿಟ್ಟು ಅವಳ ಹತ್ತಿರ ಹೋದೆ. ನೀನಲ್ಲ, ನೀನಲ್ಲ, ಅದು ನನ್ನ ಗಿಟಾರ್ ಎಂದು ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ.

ಗಿಟಾರ್ ಬಿದ್ದು ಅಂಚಿಗೆ ಪೆಟ್ಟಾಗಿದೆ ಎಂದು ಭಾಮೈದ ಹೇಳಿದ. ಅವನೇ ಅದನ್ನು ಚೀಲದಲ್ಲಿಟ್ಟು ತಂದುಕೊಟ್ಟ. ಇನ್ನೂ ತೆರೆದು ನೋಡಿಲ್ಲ.

ಮೇ ೫, ಸೋಮವಾರ

ಭಾಮೈದನಿಗೆ ಫೋನ್ ಮಾಡಿ, ನಿನ್ನ ಹಲಗೆಯನ್ನು ಸ್ವಲ್ಪ ದಿನಕ್ಕೆ ಕೊಡು ಎಂದೆ. "ನಮ್ಮನೇಲಿ ಹಲಗೆ ಯಾವುದೂ ಇಲ್ವಲ್ಲ ಭಾವ," ಎಂದ. ಅಷ್ಟು ಹಕ್ಕು ಅವನಿಗಿದೆ. ಎಲೆಕ್ಟ್ರಿಕ್ ಗಿಟಾರ್ ಎಂದೆ, ಪೂರ್ತಿ ಹೆಸರು ಹಿಡಿದು. ಅರ್ಧ ಗಂಟೆಯಲ್ಲಿ ತಂದ.

ಮೇ ೮, ಗುರುವಾರ

ಇದು ಸುಲಭ ಎಂದವರು ಯಾರು? ನಾನೇ. ನನ್ನ ಬೆರಳು ಮೂವತ್ತು ವರ್ಷ ದಪ್ಪ ತಂತಿ ಒತ್ತಿದವು. ಇದರ ತಂತಿ ದಾರದ ಹಾಗಿದೆ, ನನ್ನ ಅಳತೆಯಲ್ಲಿ ಒತ್ತಿದರೆ ಸ್ವರ ಶ್ರುತಿ ಬಿಟ್ಟು ಮೇಲಕ್ಕೆ ಓಡುತ್ತದೆ. ಮರದ ಗಿಟಾರಿನಲ್ಲಿ ಮೀಟಿದ ಸ್ವರ ತಾನೇ ಬೇಗ ಆರಿಹೋಗುತ್ತದೆ. ಇಲ್ಲಿ ಅದು ಬಂದ ನೆಂಟರ ಹಾಗೆ ಕೂತೇ ಇರುತ್ತದೆ, ಅಂಗೈ ಇಟ್ಟು ನಾನೇ ಕಳಿಸಿಕೊಡಬೇಕು. ಮೂರು ಕಡೆ ಎಡವಿದೆ. ಅವಳಿಗೆ ಇನ್ನೂ ಜೋರಾಗಿ ನಗುವಂತಿಲ್ಲ. ಸ್ಲೇಟು ತೆಗೆದು "ಹ ಹ ಹ" ಎಂದು ಬರೆದು ತೋರಿಸಿದಳು.

ವೈರು ಹಾಕಿ ಗುಂಡಿಯನ್ನು ಒಂದಕ್ಕೆ ಇಟ್ಟೆ. ಡಬ್ಬವನ್ನು ಅವಳಿಂದ ದೂರ, ಗೋಡೆಯ ಕಡೆಗೆ ತಿರುಗಿಸಿದೆ. ಅವಳ ಕಿವಿಯ ಪಕ್ಕ ಮೀಟರು ಐವತ್ತೆಂಟು ತೋರಿಸಿತು. ಒಳಗೆ ಟೊಳ್ಳಿಲ್ಲದ್ದರಿಂದ ನಡುಗುವುದಕ್ಕೂ ಏನಿಲ್ಲ, ಮೈಕು ಏರಿಸಿದರೂ ಕೂಗು ಹುಟ್ಟಲಿಲ್ಲ. ಗಲಾಟೆ ಮಾಡಲೆಂದೇ ಹುಟ್ಟಿದ್ದು ಎಂದು ನಾನು ಹೀಗಳೆದ ಈ ಸಾಮಾನು, ಅವಳಿಗಿಂತ ಮೆತ್ತಗೆ ನುಡಿಯಬಲ್ಲ ಗಿಟಾರ್. ಭಾಮೈದನಿಗೆ ಸದ್ಯಕ್ಕೆ ಇದನ್ನು ಹೇಳುವುದಿಲ್ಲ.

ಮೇ ೧೮, ಭಾನುವಾರ

ಇವತ್ತು ಇಪ್ಪತ್ತೈದು ನಿಮಿಷ ಹಾಡಿದಳು. ಬರೆದಿಟ್ಟುಕೊಳ್ಳಬೇಕಾದದ್ದು: ದೋಣಿಯ ಹಾಡಿನಲ್ಲಿ ಮೂರನೇ ಸಾಲಿಗೆ ಮುಂಚೆ ಉಸಿರು ತೆಗೆದುಕೊಳ್ಳುತ್ತಾಳೆ, ನಾನು ಅಲ್ಲಿ ಒಂದು ಎಣಿಕೆ ಕಾಯಬೇಕು. ಜೋಗುಳದಲ್ಲಿ ಪಲ್ಲವಿ ಎರಡನೇ ಸಲ ಬರುವಾಗ ಕಣ್ಣು ಮುಚ್ಚುತ್ತಾಳೆ, ಆಗ ತಾಳ ಸ್ವಲ್ಪ ನಿಧಾನವಾಗುತ್ತದೆ. ಬೆಳಗಿನ ಹೊತ್ತು ಮೇಲಿನ ಸ್ವರ ಒರಟು, ಬಿಸಿನೀರು ಕುಡಿದ ಮೇಲೆ ತಿಳಿಯಾಗುತ್ತದೆ. ಸಾಲಿನ ಕೊನೆಯ ಅಕ್ಷರವನ್ನು ಬಿಡುವ ಮುನ್ನ ಸ್ವರವನ್ನು ಕೂದಲೆಳೆಯಷ್ಟು ಕೆಳಕ್ಕಿಳಿಸಿ, ಮತ್ತೆ ಎತ್ತಿ, ಹಾಗೇ ಬಿಟ್ಟುಬಿಡುತ್ತಾಳೆ. ಬಹಳ ಚೆನ್ನಾಗಿದೆ. ಇದನ್ನು ಯಾವಾಗ ಕಲಿತೆ, ಡಾಕ್ಟರಮ್ಮ ಹೇಳಿಕೊಟ್ಟರೇ ಎಂದು ಕೇಳಿದೆ.

"ಮೊದಲಿಂದಲೂ ಇದೆ," ಎಂದಳು.

ಅಂಗಡಿಯಲ್ಲಿ ಕೆಲಸ ಹಾಗೇ ಬಿದ್ದಿದೆ. ಇಬ್ಬರು ಗಿರಾಕಿಗಳು ಗೊಣಗಿಕೊಂಡು ಹೋದರು.

ಮೇ ೨೭, ಮಂಗಳವಾರ

ಬೆಳಿಗ್ಗೆ ಸ್ವರ ಒಡೆದಿತ್ತು. ಡಾಕ್ಟರಮ್ಮ ನೋಡಿ ಗಂಟೇನೂ ಇಲ್ಲ, ಆಯಾಸ, ಮೂರು ದಿನ ಬಾಯಿ ಮುಚ್ಚಿಕೊಂಡಿರಿ ಎಂದರು. ಹೋಟೆಲು ಹೋದರೆ ಹೋಗಲಿ, ಮ್ಯಾನೇಜರಿಗೆ ಈಗಲೇ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದೆ. ಅವಳು ಸ್ಲೇಟು ಎತ್ತಿಕೊಂಡು "ಜೂನ್ ೧" ರ ಸುತ್ತ ಎಳೆದಿದ್ದ ಗೆರೆಯನ್ನು ಇನ್ನೊಮ್ಮೆ ಒತ್ತಿ ಎಳೆದಳು. ಬಳಪ ಮುರಿಯಿತು. ಫೋನ್ ಮಾಡಲಿಲ್ಲ.

ಜೂನ್ ೧, ಭಾನುವಾರ

ಐದು ಹಾಡು ಎಂದು ಮಾತಾಗಿತ್ತು. ಎರಡು ಸ್ಟೂಲುಗಳ ನಡುವೆ ಈಗ ನಾಲ್ಕು ಅಡಿ. ಅವಳ ಮುಂದೆ ಮೈಕು, ನನ್ನ ಡಬ್ಬ ಹಿಂದುಗಡೆ, ಭಾಮೈದ ಕಂಬದ ಪಕ್ಕ. ಮೊದಲ ಹಾಡಿಗೆ ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡನೆಯದರ ನಡುವೆ ಚಮಚಗಳ ಸದ್ದು ಒಂದೊಂದಾಗಿ ನಿಂತಿತು. ಮೊದಲೆಲ್ಲ ಜನಕ್ಕೆ ನಮ್ಮನ್ನು ಕೇಳದೆ ಗತಿಯೇ ಇರಲಿಲ್ಲ. ಈಗ ಕೇಳಬೇಕಾದರೆ ಅವರೇ ಸುಮ್ಮನಾಗಬೇಕು. ಸುಮ್ಮನಾದರು.

ಮೂರನೇ ಹಾಡು ಮುಗಿದಾಗ ಮ್ಯಾನೇಜರು ಹಿಂದಿನಿಂದ ಬಂದು ಬಗ್ಗಿದರು. "ಗಿಟಾರ್ ಕೊನೆ ಮೇಜಿಗೆ ಬರ್ತಾ ಇಲ್ಲ. ಸ್ವಲ್ಪ ಏರಿಸಿ."

ಗುಂಡಿ ನನ್ನ ಕಿರುಬೆರಳಿನ ಕೆಳಗೇ ಇತ್ತು. ಅವಳು ಕೇಳಿಸುತ್ತಿದ್ದಾಳಾ ಎಂದು ಕೇಳಿದೆ. ಅಮ್ಮ ಚೆನ್ನಾಗಿ ಕೇಳಿಸ್ತಿದಾರೆ ಎಂದರು.

"ಹಾಗಿದ್ರೆ ಸಾಕು," ಎಂದೆ.

ದೋಣಿಯ ಹಾಡಿನಲ್ಲಿ ಮೂರನೇ ಸಾಲಿಗೆ ಮುಂಚೆ ಒಂದು ಎಣಿಕೆ ಕಾದೆ. ಉಸಿರು ತೆಗೆದುಕೊಂಡಳು. ಕೊನೆಯ ಅಕ್ಷರದ ಇಳಿತ ಎಲ್ಲರಿಗೂ ಕೇಳಿಸಿರಬೇಕು. ಐದೂ ಮುಗಿದ ಮೇಲೆ ಸ್ವರ ಶುರುವಿನಲ್ಲಿದ್ದ ಹಾಗೇ ಇತ್ತು.

ಕೊನೆಯ ಮೇಜಿನ ಹಿರಿಯರೊಬ್ಬರು ಬಂದು ಅವಳ ಕೈ ಹಿಡಿದು ಮಾತಾಡಿಸಿದರು. ನನ್ನನ್ನು ವೈರಿನವನು ಎಂದುಕೊಂಡು, ಸ್ಪೀಕರು ಎಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ವಿಚಾರಿಸಿದರು. ಹೇಳಿದೆ. ಮುಂದಿನ ಭಾನುವಾರ ಇದೇ ಹೊತ್ತಿಗೆ ಎಂದು ಮ್ಯಾನೇಜರು ಹೇಳಿದರು.

ಜೂನ್ ೫, ಗುರುವಾರ

ಮರದ ಗಿಟಾರನ್ನು ಮೊನ್ನೆ ಹೊರತೆಗೆದೆ. ಏಪ್ರಿಲಿನಿಂದ ತೆರೆದಿರಲಿಲ್ಲ. ಅಂಚು ಹೆಬ್ಬೆರಳಿನ ಉಗುರಿನಷ್ಟು ಒಡೆದಿತ್ತು. ಅಂಟು ಹಾಕಿ ಎರಡು ದಿನ ಬಿಗಿದಿಟ್ಟಿದ್ದೆ, ಕೂತಿದೆ. ಯಾರಿಗಾದರೂ ಕೊಟ್ಟುಬಿಡುತ್ತೇನೆ, ಇದು ಮನೆಯಲ್ಲಿ ಬೇಡ ಎಂದು ಅವಳಿಗೆ ಹೇಳಿದೆ. ಬಾಯಿಮಾತಿಗೆ ಹೇಳಿದ್ದಲ್ಲ. ಅವಳು ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಮೂಲೆಯನ್ನೂ ಬಿಡದೆ.

"ಕೊಡೋದೇನೂ ಬೇಡ," ಎಂದಳು. "ನುಡಿಸಿ. ನಾನು ಹಾಡದೇ ಇರುವಾಗ."

ಸ್ಲೇಟನ್ನು ಅಟ್ಟಕ್ಕಿಟ್ಟು, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ದಪ್ಪ ತಂತಿ ಹಾಕಿ, ಶ್ರುತಿ ಮಾಡಿ, ಮೊದಲಿನ ಹಾಗೇ ನುಡಿಸಿದೆ. ಎರಡು ಹಾಡು, ಮೂರು ಹಾಡು. ಕೈ ನೋಯುವವರೆಗೆ ನುಡಿಸಿದೆ.

ಬಾಗಿಲು ತೆರೆದು ಬಂದು ಎದುರಿಗೆ ಕೂತಳು. ಮುಚ್ಚಿದ ಬಾಗಿಲಿನಾಚೆಗೂ ಚೆನ್ನಾಗಿ ಕೇಳಿಸಿತಂತೆ. ನಾನು ನುಡಿಸುವುದನ್ನು ಅವಳು ಹಾಡದೆ, ಬರೀ ಕೇಳಿದ್ದು ಇದೇ ಮೊದಲಂತೆ.